ವಾಣಿಜ್ಯಸೌಧಗಳ ವಿದ್ಯುದ್ವ್ಯವಸ್ಥೆಯಲ್ಲಿ ಯೋಗವೂ ಕ್ಷೇಮವೂ

ಪ್ರಾಚೀನ ಗ್ರಂಥಗಳಲ್ಲಿ ಯೋಗ, ಕ್ಷೇಮ ಎಂಬೆರಡು ಶಬ್ದಗಳು ಜೊತೆಜೊತೆಯಾಗಿಯೇ ಬರುವುದು ವಾಚಕರಿಗೆ ವಿದಿತವಾದ ಸಂಗತಿ. ಇಲ್ಲದುದನ್ನು ಪಡೆಯುವುದು ಯೋಗವೆಂತಲೂ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂತಲೂ ವ್ಯಾಖ್ಯಾನಕಾರರು ಅರ್ಥವಿವೇಚನೆ ಮಾಡಿರುವರು. ವಿದ್ಯುಚ್ಛಕ್ತಿಯು ಅಂಗಡಿ, ಕಚೇರಿ, ನಾಟಕಶಾಲೆ ಮೊದಲಾದ ಕಟ್ಟಡಗಳನ್ನು ಹೊಕ್ಕು ನೂರನಲವತ್ತು ವರ್ಷಗಳಿಗೆ ಮೇಲಾಯಿತು. ಈ ಅವಧಿಯಲ್ಲಿ ಅದರ ಯೋಗವನ್ನು ಕುರಿತು, ಎಂದರೆ ತಂತಿಯನ್ನು ಹೇಗೆ ಎಳೆಯಬೇಕು, ಯಾವ ಗಾತ್ರದ್ದನ್ನು ಎಲ್ಲಿ ಹಾಕಬೇಕು ಎಂಬುದನ್ನು ಕುರಿತು, ಹುಟ್ಟಿದ ನಿಯಮಗಳು ಬಹು ಬೇಗ ಹುಟ್ಟಿದುವು. ಬಹು ವಿಸ್ತಾರವಾಗಿಯೂ ಬೆಳೆದುವು. ಕ್ಷೇಮವನ್ನು ಕುರಿತವು ತಡವಾಗಿ ಬಂದು, ಬಂದ ಮೇಲೆಯೂ ಬಹುಕಾಲ ಬಲಹೀನವಾಗಿ ಉಳಿದುವು. ಈ ಅಂತರವು ಹೇಗೆ ಉಂಟಾಯಿತು, ಅದರಿಂದ ಯಾವ ಹಾನಿಯಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಯಾರಾದರೂ ಕೇಳಬಹುದು. ತಂತಿಯನ್ನು ಬಿಗಿಯುವುದರಲ್ಲಿ ನಮಗೆ ಅಧಿಕಾರವಿಲ್ಲ, ನಿಜ. ಆದರೆ ಕಾಪಾಡಿಕೊಳ್ಳುವುದೆಂಬ ಕರ್ತವ್ಯವನ್ನು ಯಾರ ಮೇಲೆ ಹೊರಿಸಬೇಕು, ಯಾವಾಗ ಹೊರಿಸಬೇಕು ಎಂಬುದು ಧರ್ಮಶಾಸ್ತ್ರ ಅರ್ಥಶಾಸ್ತ್ರಗಳ ಪ್ರಶ್ನೆ. ಅದಕ್ಕೆ ಇಟ್ಟ ಹೆಸರುಗಳು ಭಾಷೆಯ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಒಂದು ನೆಟ್ಟಗಿನ ಮಾತು ಬಳಕೆಯಲ್ಲಿಲ್ಲದಿರುವುದನ್ನು ಮೊದಲು ಗಮನಿಸಬೇಕು. 'ದುರಸ್ತಿ' ಎಂಬುದು ಕೆಟ್ಟ ಮೇಲೆ ಸರಿಪಡಿಸುವುದು. 'ಜೀರ್ಣೋದ್ಧಾರ'ವೂ ಜೀರ್ಣವಾದ ಮೇಲಿನದೇ. 'ನಿರ್ವಹಣೆ' ಎಂದು ಈಚೆಗೆ ಬಳಸುತ್ತಿರುವ ಶಬ್ದದಲ್ಲಿ ಆಡಳಿತ ನಡಸುವುದೂ ಸೇರಿಹೋಗಿ, ಕೆಡುವುದಕ್ಕೆ ಮೊದಲೇ ನೋಡಿಕೊಳ್ಳಬೇಕೆಂಬ ವಿಶೇಷಾರ್ಥವು ಕರಗಿಹೋಗಿದೆ. ಆದಕಾರಣ ಇಲ್ಲಿ ಕ್ಷೇಮವೆಂಬ ಹಳೆಯ ಶಬ್ದವನ್ನೇ ಇಟ್ಟುಕೊಂಡಿದ್ದೇವೆ.

ನಮ್ಮ ನಾಡಿನ ಚರಿತ್ರೆಯಲ್ಲಿ ಒಂದು ಕಾಕತಾಳೀಯವಿದೆ. ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಅದೇ ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಲ್ಯನ ಅರ್ಥಶಾಸ್ತ್ರದ ತಾಳೆಯೋಲೆ ಸಿಕ್ಕಿತು. ೧೯೦೯ರಲ್ಲಿ ಅದು ಅಚ್ಚಾಯಿತು. ಹೊಸ ಬೆಂಕಿಯೊಂದು ನಗರವನ್ನು ಹೊಕ್ಕ ವರ್ಷವೇ, ನಗರದಲ್ಲಿ ಬೆಂಕಿಯನ್ನು ಹೇಗೆ ಕಾಯಬೇಕೆಂದು ಹೇಳುವ ಹಳೆಯ ಗ್ರಂಥವೂ ಹೊರಬಂದಿತು. ಇವೆರಡನ್ನೂ ಒಟ್ಟಿಗೆ ಓದಿದವರು ಆಗ ಯಾರೂ ಇದ್ದಂತೆ ಕಾಣುವುದಿಲ್ಲ.

ಅರ್ಥಶಾಸ್ತ್ರದ ನಾಗರಿಕಪ್ರಣಿಧಿ ಪ್ರಕರಣದಲ್ಲಿ ಅಗ್ನಿಯ ವಿಚಾರವಾಗಿ ಬರುವ ವಿಧಿಗಳನ್ನು ಸೂಕ್ಷ್ಮವಾಗಿ ನೋಡಿದರೆ ಒಂದು ಕ್ರಮವು ಗೋಚರಿಸುತ್ತದೆ. ಪ್ರತಿಯೊಂದು ಮನೆಯಲ್ಲಿಯೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ ಇತ್ಯಾದಿಗಳು ಸಿದ್ಧವಾಗಿರಬೇಕು. ಇಲ್ಲದಿದ್ದರೆ ಕಾಲು ಪಣ ದಂಡ. ಈ ದಂಡವನ್ನು ತೆರುವುದಕ್ಕೆ ಬೆಂಕಿ ಬೀಳಬೇಕಾಗಿಲ್ಲ, ಸಿದ್ಧತೆಯಿಲ್ಲದಿರುವುದೇ ಅಪರಾಧ. ಬೆಂಕಿ ಬಿದ್ದಾಗ ಆರಿಸಲು ಓಡಿಬಾರದ ಗೃಹಸ್ವಾಮಿಗೆ ಹನ್ನೆರಡು ಪಣ, ಬಾಡಿಗೆಗಿರುವವನಿಗೆ ಆರು ಪಣ. ಅಜಾಗರೂಕತೆಯಿಂದ ಬೆಂಕಿ ಹೊತ್ತಿಸಿದವನಿಗೆ ಐವತ್ತನಾಲ್ಕು. ಒಡೆಯನನ್ನೂ ಬಾಡಿಗೆದಾರನನ್ನೂ ಬೇರೆಬೇರೆಯಾಗಿ ಹೆಸರಿಸಿ, ಇಬ್ಬರನ್ನೂ ಹೊಣೆಗಾರರನ್ನಾಗಿಸಿ, ಒಡೆಯನ ಹೊಣೆಯನ್ನು ಇಮ್ಮಡಿಮಾಡಿರುವುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಯೋಜನವುಂಟು. ಅದೇ ಗ್ರಂಥದಲ್ಲಿ ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿಸಿದವರಿಗೆ ಐದು ವರ್ಷ ತೆರಿಗೆಯ ವಿನಾಯಿತಿ, ಒಡೆದು ಹಾಳಾದುದನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದುದನ್ನು ತೆಗೆಸಿದವರಿಗೆ ಮೂರು ವರ್ಷ. ಕಟ್ಟಿಸುವ ಕೀರ್ತಿಗೂ ಕಾಪಾಡುವ ಶ್ರಮಕ್ಕೂ ಒಂದೊಂದು ವರ್ಷದಷ್ಟೇ ಅಂತರ!

ಕನ್ನಡನಾಡಿನ ಶಿಲಾಶಾಸನಗಳಲ್ಲಿಯೂ ಈ ಬುದ್ಧಿಯೇ ಕಾಣುತ್ತದೆ. ದೇವಾಲಯಕ್ಕೆ ಭೂಮಿ ಬಿಡುವಾಗ ಅಂಗಭೋಗ ರಂಗಭೋಗಗಳೊಡನೆ 'ಖಂಡಸ್ಫುಟಿತಜೀರ್ಣೋದ್ಧಾರ'ಕ್ಕೆಂದು ಸೇರಿಸಿ ಬರೆಯಿಸುವುದು ವಾಡಿಕೆಯಾಗಿತ್ತು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು. ಬಿರುಕನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ, ಕುಸಿದು ಬೀಳುವವರೆಗೆ ಕಾಯುವ ಅಭಿಪ್ರಾಯವು ದಾನಿಗೆ ಇರಲಿಲ್ಲವೆಂದು ಸ್ಪಷ್ಟವಾಗುತ್ತದೆ. ಕೆರೆಗಳ ಏರಿಗೆ ಮಣ್ಣು ಹೊರುವ ಬಂಡಿಗಳಿಗೂ ದತ್ತಿಯುಂಟು. ಮುಖ್ಯವಾದುದೇನೆಂದರೆ, ಪ್ರತಿಷ್ಠೆಯ ದಿನವೇ ರಕ್ಷಣೆಯ ದ್ರವ್ಯವನ್ನೂ ಗೊತ್ತುಮಾಡಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು.

ಇನ್ನು ವಿದ್ಯುತ್ತಿನ ಕಡೆಗೆ ಬರೋಣ. ೧೮೮೨ನೆಯ ವರ್ಷವು ಈ ಚರಿತ್ರೆಯಲ್ಲಿ ಆದಿಪರ್ವ. ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ನಗರದ ಪರ್ಲ್ ಬೀದಿಯಲ್ಲಿ ಎಡಿಸನ್ನನ ವಿದ್ಯುದಾಗಾರವು ಸುತ್ತಣ ಕಚೇರಿಗಳಿಗೆ ಬೆಳಕನ್ನು ಮಾರಲಾರಂಭಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಫೀನಿಕ್ಸ್ ಎಂಬ ಅಗ್ನಿವಿಮಾ ಸಂಸ್ಥೆಗಾಗಿ ಮಸ್‌ಗ್ರೇವ್ ಹೀಫಿ ಎಂಬ ಇಂಜಿನಿಯರನು ವಿದ್ಯುದ್ದೀಪದ ನಿಯಮಗಳನ್ನು ಬರೆದನು. ಅಲ್ಲಿಯ ವಿದ್ಯುದ್ವಿದ್ವಾಂಸರ ಸಂಘವೂ ವಿದ್ಯುದ್ದೀಪಗಳಿಂದುಂಟಾಗುವ ಅಗ್ನಿಭಯದ ನಿವಾರಣೆಗೆಂದು ಕೆಲವೇ ಪುಟಗಳ ನಿಯಮಾವಳಿಯೊಂದನ್ನು ಪ್ರಕಟಿಸಿತು. ಅಮೆರಿಕದಲ್ಲಿ ೧೮೯೩ರ ಚಿಕಾಗೋ ಮಹಾಪ್ರದರ್ಶನದ ವಿದ್ಯುದ್ಭವನವನ್ನು ವಿಮಾ ಸಂಸ್ಥೆಗಳ ಪರವಾಗಿ ಪರೀಕ್ಷಿಸಿದ ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣನು ಮರುವರ್ಷ ಒಂದು ಪರೀಕ್ಷಾಲಯವನ್ನು ತೆರೆದನು. ೧೮೯೭ರಲ್ಲಿ ಆ ದೇಶದ ರಾಷ್ಟ್ರೀಯ ವಿದ್ಯುನ್ನಿಯಮಾವಳಿಯು ಹೊರಬಂದಿತು. ಈ ಗ್ರಂಥಗಳ ಹಿಂದೆ ನಿಂತವರಲ್ಲಿ ಬಹುಮಂದಿ ವಿಮಾ ವ್ಯಾಪಾರಿಗಳೆಂಬುದನ್ನು ಮರೆಯಲಾಗದು. ಹೊಸ ಕಟ್ಟಡವನ್ನು ವಿಮೆಗೆ ಒಪ್ಪಿಕೊಳ್ಳಬಹುದೇ ಎಂಬುದು ಅವರ ಮೊದಲ ಪ್ರಶ್ನೆ. ಆದುದರಿಂದ ಹಾಕುವ ದಿನದ ಸ್ಥಿತಿಯೇ ಪ್ರಧಾನವಾಯಿತು. ಇಪ್ಪತ್ತು ವರ್ಷದ ಮೇಲಿನ ಸ್ಥಿತಿಯು ಹಿಂದೆ ಬಿದ್ದಿತು.

ಆದರೆ ವಿದ್ಯುದ್ವ್ಯವಸ್ಥೆಯು ಹಾಕಿದ ದಿನದಂತೆಯೇ ಉಳಿಯುವ ವಸ್ತುವಲ್ಲ. ಕಲ್ಲಿನ ಕಂಬವೇ ಸ್ಫುಟಿತವಾಗುವುದಾದರೆ ತಾಮ್ರದ ತಂತಿಯ ಪಾಡೇನು? ತಂತಿಯನ್ನು ಸ್ವಿಚ್ಚಿಗೋ ಬ್ರೇಕರಿಗೋ ಸೇರಿಸುವ ತಿರುಪಿನ ಜಾಗವು ಹಗಲು ಭಾರ ಹೊತ್ತು ಕಾದು ಹಿಗ್ಗುತ್ತದೆ. ರಾತ್ರಿ ತಣಿದು ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾಗಿ ಹಿಡಿತವು ಸಡಿಲವಾಗುತ್ತದೆ. ಸಡಿಲವಾದಲ್ಲಿ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಲ್ಲಿ ಶಾಖ ಹೆಚ್ಚುತ್ತದೆ. ಶಾಖದಿಂದ ಲೋಹದ ಮೇಲೆ ಕಿಲುಬು ಕಟ್ಟಿ ತಡೆಯು ಮತ್ತೂ ಹೆಚ್ಚುತ್ತದೆ. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುವುದೆಂಬ ನಿಯಮವೂ ಇದರೊಡನೆ ಸೇರುತ್ತದೆ. ಇದರಲ್ಲಿ ಒಂದು ಮೋಸವುಂಟು. ಫ್ಯೂಸಾಗಲಿ ಬ್ರೇಕರಾಗಲಿ ಪ್ರವಾಹವು ಮಿತಿಮೀರಿದಾಗ ಮಾತ್ರ ಕಡಿಯುವುದೇ ಹೊರತು, ಸಡಿಲವಾದ ಸಂಧಿಯನ್ನು ಅದು ಗುರುತಿಸಲಾರದು. ಏಕೆಂದರೆ ಅಲ್ಲಿ ಹರಿಯುವ ಪ್ರವಾಹವು ಎಂದಿನಷ್ಟೇ. ದೀಪಗಳು ಉರಿಯುತ್ತಿರುತ್ತವೆ, ಪಂಖಗಳು ತಿರುಗುತ್ತಿರುತ್ತವೆ, ಹಲಗೆಯ ಹಿಂದೆ ಸಂಧಿಯೊಂದು ಕೆಂಪಾಗುತ್ತಿರುತ್ತದೆ. ಕಾವಲುಗಾರನನ್ನು ಇಟ್ಟಿದ್ದೇವೆಂಬ ನೆಮ್ಮದಿಯು ಇಂತಲ್ಲಿ ನಿರಾಧಾರವಾದುದು.

ತಂತಿಗಳ ಮೇಲಣ ಕವಚದ ಕಥೆ ಇನ್ನೊಂದು ಬಗೆ. ಹಳೆಯ ಕಟ್ಟಡಗಳ ರಬ್ಬರು ಕವಚವು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತಿತ್ತು. ಆಮೇಲೆ ಬಂದ ಪಿ.ವಿ.ಸಿ. ಕವಚವೂ ಅತಿಶಾಖದಿಂದ ಮುಪ್ಪಾಗುತ್ತದೆ. ಇದನ್ನು ಅಳೆಯಲು ಇಂಗ್ಲೆಂಡಿನ ಸಿಡ್ನಿ ಎವರ್‌ಷೆಡ್ಡನ ಉಪಕರಣವಿದೆ. ೧೯೦೩ರಲ್ಲಿ ಅದಕ್ಕೆ 'ಮೆಗ್ಗರ್' ಎಂಬ ಹೆಸರಾಯಿತು. ಇಂದಿಗೂ ಆ ಜಾತಿಯ ಉಪಕರಣಗಳನ್ನೆಲ್ಲ ಕೆಲಸಗಾರರು ಆ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಮೆಗ್ಗರು ತೋರುವ ಒಂದು ಸಂಖ್ಯೆಯಿಂದ ಹೆಚ್ಚಿನದೇನೂ ತಿಳಿಯದು. ಹೋದ ವರ್ಷ, ಅದರ ಹಿಂದಿನ ವರ್ಷ ಎಷ್ಟಿತ್ತು, ಇಳಿಯುತ್ತ ಬಂದಿದೆಯೇ ಎಂಬುದನ್ನು ಹೋಲಿಸಬೇಕು. ಒಂದೇ ಓಲೆಯ ಪಾಠವನ್ನು ನಂಬಿ ಗ್ರಂಥವನ್ನು ಪರಿಷ್ಕರಿಸುವುದು ಹೇಗೋ, ಬರೆದಿಟ್ಟ ಹಿಂದಿನ ಲೆಕ್ಕವಿಲ್ಲದೆ ಕವಚವನ್ನು ಪರೀಕ್ಷಿಸುವುದೂ ಹಾಗೆಯೇ. ಟ್ರಾನ್ಸ್‌ಫಾರ್ಮರಿನ ಎಣ್ಣೆಗೆ ತೇವ ಸೇರುವುದು, ಭೂಸಂಪರ್ಕದ ಗುಂಡಿಯು ಬೇಸಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗುವುದು ಇವೂ ಇಂತಹ ಮೌನವ್ಯಾಧಿಗಳೇ.

ಭಾರತದಲ್ಲಿ ೧೯೧೦ರ ವಿದ್ಯುಚ್ಛಕ್ತಿ ಕಾಯಿದೆಯ ಆಧಾರದ ಮೇಲೆ ೧೯೫೬ರಲ್ಲಿ ರಚಿತವಾದ ನಿಯಮಗಳ ೪೬ನೆಯದು, ಬಳಕೆದಾರರ ವ್ಯವಸ್ಥೆಯನ್ನು ಐದು ವರ್ಷಕ್ಕೆ ಮೀರದ ಅವಧಿಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕೆಂದು ವಿಧಿಸಿತು. ೨೦೦೩ರ ಹೊಸ ಕಾಯಿದೆಯ ತರುವಾಯ ೨೦೧೦ರಲ್ಲಿ ಬಂದ ಸುರಕ್ಷಾವಿಧಿಗಳಲ್ಲಿಯೂ ಐದು ವರ್ಷಗಳ ಮಿತಿಯೇ ನಿಂತಿತು. ಅವುಗಳ ಸ್ಥಾನದಲ್ಲಿ ೨೦೨೩ರಲ್ಲಿ ಬೇರೆ ವಿಧಿಗಳು ಬಂದಿವೆ. ಕ್ಷೇಮದ ಭಾವನೆಯು ನಮ್ಮ ಕಾಯಿದೆಗಳಲ್ಲಿ ಇರಲೇ ಇಲ್ಲವೆಂದು ಹೇಳುವುದು ಅನ್ಯಾಯ. ಆದರೆ ಐದು ವರ್ಷಕ್ಕೊಮ್ಮೆ ನೋಡುವುದು ಪರೀಕ್ಷೆಯಾದೀತೇ ಹೊರತು ರಕ್ಷಣೆಯಾಗದು.

ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ೧೯೯೭ನೆಯ ಜೂನ್ ೧೩ರ ಬೆಳಗ್ಗೆ ಆ ಕಟ್ಟಡದ ಟ್ರಾನ್ಸ್‌ಫಾರ್ಮರಿನಲ್ಲಿ ಸಣ್ಣದಾಗಿ ಬೆಂಕಿ ಕಾಣಿಸಿತು. ವಿದ್ಯುತ್ ಮಂಡಲಿಯ ನೌಕರರು ಬಂದು ಕೇಬಲ್ಲಿನ ಕೊನೆಯ ಲಗ್ಗುಗಳನ್ನು ಬದಲಾಯಿಸಿದರು. ಲಗ್ಗನ್ನು ತಂತಿಗೆ ಒತ್ತಿ ಬಿಗಿಯಲು ತಕ್ಕ ಯಂತ್ರವಿರಬೇಕು. ಅದಿಲ್ಲದೆ ಸುತ್ತಿಗೆಯಿಂದ ಹೊಡೆದು ಬಿಗಿದರೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ಅಂದೇ ಸಂಜೆ ಸುಮಾರು ಐದು ಗಂಟೆಗೆ ಆ ಸಂಧಿಯು ಸಡಿಲಗೊಂಡು, ಕಳಚಿದ ಕೇಬಲ್ಲು ಟ್ರಾನ್ಸ್‌ಫಾರ್ಮರಿನ ರೇಡಿಯೇಟರಿಗೆ ತಗುಲಿ ಅದನ್ನು ತೂತುಮಾಡಿತು. ಎಣ್ಣೆಯು ಹರಿದು ಹೊತ್ತಿಕೊಂಡಿತು. ಕೆಳಗೆ ನಿಂತಿದ್ದ ಮೋಟಾರು ಗಾಡಿಗಳಿಗೆ ಬೆಂಕಿ ಹತ್ತಿ, ಹೊಗೆಯು ಮೆಟ್ಟಿಲ ದಾರಿಯಿಂದ ಮೇಲೇರಿ ಬಾಲ್ಕನಿಯನ್ನು ತುಂಬಿತು. ಅಲ್ಲಿ ಹೆಚ್ಚಿನ ಆಸನಗಳನ್ನು ಹಾಕಿ ಹೊರದಾರಿಗೆ ಅಡ್ಡಿಮಾಡಲಾಗಿತ್ತು. ೫೯ ಮಂದಿ ಉಸಿರುಗಟ್ಟಿ ಮಡಿದರು. ಅಪಾಯವು ಮುನ್ಸೂಚನೆ ಕೊಡದೆ ಬಂದಿತೆಂದು ಹೇಳುವ ಹಾಗಿಲ್ಲ. ಬೆಳಗ್ಗೆಯೇ ಬಂದು ಬಾಗಿಲು ತಟ್ಟಿ ಹೋಗಿತ್ತು. ದೊರೆತದ್ದು ದುರಸ್ತಿಯ ತೋರಿಕೆ ಮಾತ್ರ.

ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ವಾಣಿಜ್ಯಸೌಧದಲ್ಲಿ ೨೦೧೦ನೆಯ ಫೆಬ್ರವರಿ ೨೩ರಂದು ನಡೆದುದೂ ಇದೇ ಜಾತಿಯದು. ಕೇಬಲ್ಲುಗಳು ಅಂತಸ್ತಿನಿಂದ ಅಂತಸ್ತಿಗೆ ಹಾಯುವ ಕೊಳವೆಯಂತಹ ಓಣಿಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಣ ಅಂತಸ್ತುಗಳನ್ನು ತುಂಬಿತು. ಒಂಬತ್ತು ಮಂದಿ ಸತ್ತರು. ಹೊಗೆಯನ್ನು ತಾಳಲಾರದೆ ಕಿಟಕಿಗಳಿಂದ ಹಾರಿದವರೂ ಇದ್ದರು.

ಈ ನಡುವೆ ಅಮೆರಿಕದಲ್ಲಿ ಕ್ಷೇಮದ ವಿಷಯಕ್ಕೆ ಪ್ರತ್ಯೇಕ ಗ್ರಂಥವೇ ಹುಟ್ಟಿತ್ತು. ಅಲ್ಲಿಯ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ೧೯೭೦ರ ದಶಕದಲ್ಲಿ ವಿದ್ಯುದುಪಕರಣಗಳ ಪೂರ್ವರಕ್ಷೆಯನ್ನು ಕುರಿತು '೭೦ ಬಿ' ಎಂಬ ಅಂಕಿತದ ಪುಸ್ತಕವನ್ನು ಹೊರಡಿಸಿತು. ಆದರೆ ಅದು ಹೀಗೆ ಮಾಡುವುದು ಒಳಿತೆಂಬ ಸಲಹೆಯ ರೂಪದಲ್ಲಿತ್ತು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಅರ್ಥವಾದವಾಗಿತ್ತೇ ಹೊರತು ವಿಧಿಯಾಗಿರಲಿಲ್ಲ. ೨೦೨೩ರ ಆವೃತ್ತಿಯಲ್ಲಿ ಅದರ ಕ್ರಿಯಾಪದಗಳು ಬದಲಾಗಿ ಅದು ಮಾನಕಗ್ರಂಥವಾಯಿತು, 'ಮಾಡಬಹುದು' ಎಂದಿದ್ದುದು 'ಮಾಡತಕ್ಕದ್ದು' ಎಂದಾಯಿತು. ೧೮೯೭ರ ಯೋಗಗ್ರಂಥಕ್ಕೂ ಈ ಕ್ಷೇಮವಿಧಿಗೂ ನಡುವೆ ೧೨೬ ವರ್ಷಗಳು ಕಳೆದುವು. ವ್ಯಾಕರಣದ ಒಂದು ಲಕಾರಕ್ಕಾಗಿ ಇಷ್ಟು ಕಾಲ ಕಾಯಬೇಕಾಯಿತೆಂದರೆ ನಮ್ಮ ವೈಯಾಕರಣರು ಸಂತೋಷಪಟ್ಟಾರು. ಸುಟ್ಟ ಮನೆಯವರು ಪಡಲಾರರು.

ಸಾಧನಗಳಿರಲಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ. ಶಾಖವನ್ನು ದೂರದಿಂದಲೇ ಚಿತ್ರವಾಗಿ ತೋರಿಸುವ ಯಂತ್ರವು ೧೯೬೫ರಲ್ಲಿಯೇ ವಿದ್ಯುತ್ತಂತಿಗಳ ಪರೀಕ್ಷೆಗಾಗಿ ಮಾರಾಟಕ್ಕೆ ಬಂದಿತ್ತು. ಇಂದು ಅಂಗೈಯಗಲದ ಕ್ಯಾಮರಾ ಹಿಡಿದು ಹಲಗೆಯ ಮುಂದೆ ನಿಂತರೆ, ಕಾದ ಸಂಧಿಯು ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ಭಾರವು ಹೆಚ್ಚಾಗಿರುವ ವೇಳೆಯಲ್ಲಿ ನೋಡಬೇಕೆಂಬುದೊಂದೇ ನಿಬಂಧನೆ. ರಜಾದಿನದ ಪರೀಕ್ಷೆಯಿಂದ ಫಲವಿಲ್ಲ.

ಕೊರತೆಯಿರುವುದು ಹೊಣೆಯ ನಿರ್ಣಯದಲ್ಲಿ. ದೇವಾಲಯಕ್ಕೆ ಸ್ಥಾನಿಕನೊಬ್ಬನಿದ್ದನು, ಕೆರೆಗೆ ಊರವರಿದ್ದರು. ಇಂದಿನ ವಾಣಿಜ್ಯಸೌಧದಲ್ಲಿ ಒಂದೊಂದು ಅಂತಸ್ತಿಗೆ ಒಬ್ಬೊಬ್ಬ ಒಡೆಯ, ಒಂದೊಂದು ಕೋಣೆಗೆ ಒಬ್ಬೊಬ್ಬ ಬಾಡಿಗೆದಾರ. ತಂತಿಗಳ ಓಣಿಯೂ ಮುಖ್ಯಹಲಗೆಯೂ ಎಲ್ಲರಿಗೂ ಸೇರಿದ್ದು, ಆದಕಾರಣ ಯಾರಿಗೂ ಸೇರದ್ದು. ಬಾಡಿಗೆದಾರನು ಹವಾನಿಯಂತ್ರಕಗಳನ್ನು ಸೇರಿಸುತ್ತ ಹೋಗುತ್ತಾನೆ. ಮೂಲದ ಕೇಬಲ್ಲು ಅದಕ್ಕೆ ತಕ್ಕದ್ದೇ ಎಂದು ಒಡೆಯನು ಕೇಳುವುದಿಲ್ಲ. ಉಪಹಾರ್ ಮೊಕದ್ದಮೆಯಲ್ಲಿ ಚಿತ್ರಮಂದಿರದ ಒಡೆಯರೂ ಮಂಡಲಿಯ ನೌಕರರೂ ಇಬ್ಬರೂ ಅಪರಾಧಿಗಳೆಂದು ೨೦೦೭ರಲ್ಲಿ ದಿಲ್ಲಿಯ ನ್ಯಾಯಾಲಯವು ತೀರ್ಪು ಕೊಟ್ಟಿತು, ಎಂದರೆ ಘಟನೆಯಾಗಿ ಹತ್ತು ವರ್ಷದ ಮೇಲೆ. ಹನ್ನೆರಡು ಪಣ, ಆರು ಪಣಗಳೆಂದು ಮೊದಲೇ ಹಂಚಿಟ್ಟ ಕೌಟಲ್ಯನ ಪದ್ಧತಿಯು ಇಲ್ಲಿ ಪರಿಶೀಲನಾರ್ಹ. ಬಾಡಿಗೆಯ ಕರಾರುಪತ್ರದಲ್ಲಿಯೇ ಮುಖ್ಯಹಲಗೆ, ಕೇಬಲ್ಲಿನ ಓಣಿ, ಟ್ರಾನ್ಸ್‌ಫಾರ್ಮರು, ಭೂಸಂಪರ್ಕ ಇವುಗಳ ವಾರ್ಷಿಕ ಪರೀಕ್ಷೆಗೆ ಒಡೆಯನ ಪಾಲೆಷ್ಟು, ಬಾಡಿಗೆದಾರನ ಪಾಲೆಷ್ಟು ಎಂದು ಬರೆಯಿಸಿ, ಬಾಡಿಗೆಯ ಒಂದಂಶವನ್ನು ಖಂಡಸ್ಫುಟಿತಕ್ಕೆ ಬಿಟ್ಟಂತೆ ಬೇರೆಯಾಗಿ ತೆಗೆದಿಡುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಪರೀಕ್ಷೆಯ ಲೆಕ್ಕದ ಪುಸ್ತಕವನ್ನು ಕಟ್ಟಡದ ಬಾಗಿಲಲ್ಲಿ, ಒಳಬರುವವರೆಲ್ಲರೂ ಓದಬಹುದಾದ ಎಡೆಯಲ್ಲಿ ಇಡಬೇಕು. ಶಾಸನದ ಕಲ್ಲನ್ನು ನಮ್ಮ ಹಿರಿಯರು ನಿಲ್ಲಿಸುತ್ತಿದ್ದುದೂ ಅಂತಹ ಎಡೆಯಲ್ಲಿಯೇ.