ಸಿಡಿಲಫಡಿ: ಬಾದಾಮಿ ಬೆಟ್ಟದ ಆದಿಮ ಚಿತ್ರಶಾಲೆ

ಬಾದಾಮಿ ಎಂದೊಡನೆ ನೆನಪಾಗುವುದು ಚಾಲುಕ್ಯರ ಗುಹಾಲಯಗಳು. ಆದರೆ ಅಲ್ಲಿ ಉಳಿಯ ಸದ್ದು ಕೇಳಿಬರುವುದಕ್ಕೆ ಬಹು ಹಿಂದೆಯೇ ಇದೇ ಬೆಟ್ಟಸಾಲಿನ ಬಂಡೆಗಳ ಮೇಲೆ ಆದಿಮಾನವ ಚಿತ್ರ ಬರೆದಿದ್ದ. ಬಾದಾಮಿಯಿಂದ ಸುಮಾರು 4 ಕಿ.ಮೀ. ದೂರದಲ್ಲಿ, ಗುಡ್ಡಗಳ ನಡುವೆ ಇರುವ ಸಿಡಿಲಫಡಿ ಅಂತಹ ಒಂದು ನೆಲೆ.

ಐಹೊಳೆಯ ರಾವಳಫಡಿಯ ಹೆಸರಿನಲ್ಲಿಯೂ ಇರುವ ‘ಫಡಿ’ ಎಂಬ ಪದ ಕಲ್ಲಿನ ಆಸರೆಯನ್ನು ಸೂಚಿಸುತ್ತದೆ. ಸಿಡಿಲು ಬಡಿದು ಬಂಡೆ ತೂತಾಯಿತೆಂಬುದು ಸ್ಥಳೀಯರ ನಂಬಿಕೆ. ಗಾಳಿ, ಮಳೆ, ಬಿಸಿಲುಗಳಿಗೆ ಕೆಂಪು ಮರಳುಗಲ್ಲು ಸವೆದು ಇಲ್ಲಿ ಸಹಜ ಸೇತುವೆಯ ಆಕಾರ ತಾಳಿದೆ. ಅದರ ನೆರಳಿನ ಗೋಡೆಗಳ ಮೇಲೆ ಕಾವಿ ಬಣ್ಣದ ಮನುಷ್ಯಾಕೃತಿಗಳೂ ಪ್ರಾಣಿಗಳೂ ಮಸುಕಾಗಿ ಕಾಣಿಸುತ್ತವೆ. ಮಲಪ್ರಭಾ ಕಣಿವೆಯಲ್ಲಿ ಶಿಲಾಯುಗದ ಕಲ್ಲಿನ ಆಯುಧಗಳೂ ದೊರೆತಿದ್ದು, ಆರ್.ವಿ. ಜೋಶಿ ಅವರು 1955ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಣಿವೆಯ ಪ್ರಾಚೀನತೆಯ ಮೇಲೆ ಬೆಳಕು ಚೆಲ್ಲಿತು.

ಈ ಬೆಟ್ಟಸೀಮೆ ಭಕ್ತರಿಗೂ ಪವಿತ್ರ. ಬೆಟ್ಟದ ಆಚೆಗಿರುವ ಮಹಾಕೂಟ ಪುಷ್ಕರಣಿಗೂ ಶಿವಾಲಯಗಳಿಗೂ ಹೆಸರಾಗಿದೆ. ಕ್ರಿ.ಶ. 602ರ, ಮಂಗಲೇಶನ ಕಾಲದ ಸ್ತಂಭಶಾಸನ ದೊರೆತದ್ದು ಅಲ್ಲಿಯೇ; ಅದು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವೂ ಇದೇ ತಾಲ್ಲೂಕಿನ ಮಲಪ್ರಭೆಯ ದಡದಲ್ಲಿದೆ.

ಸಿಡಿಲಫಡಿಯ ಚಾರಣ ದೂರದ ಲೆಕ್ಕದಲ್ಲಿ ಚಿಕ್ಕದಾದರೂ ಸುಲಭವಲ್ಲ. ಕುರುಚಲು ಕಾಡು, ಮುಳ್ಳುಕಂಟಿ, ಸಡಿಲ ಕಲ್ಲುಗಳ ನಡುವೆ ಕಾಲುದಾರಿ ಕವಲೊಡೆದು ದಿಕ್ಕು ತಪ್ಪಿಸುತ್ತದೆ. ಬೇಸಿಗೆಯಲ್ಲಿ ಬಂಡೆಗಳು ಕಾದ ಹಂಚಿನಂತಾಗುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಪ್ರಶಸ್ತ ಕಾಲ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಬೇಕು. ಸಾಕಷ್ಟು ನೀರು ಒಯ್ಯಬೇಕು. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಮರಳುವುದು ಕ್ಷೇಮ.

ಗುಹಾಲಯದ ಶಿಲ್ಪ ಕಲ್ಲಿನ ಆಳಕ್ಕೆ ಇಳಿದಿದೆ. ಸಿಡಿಲಫಡಿಯ ಬಣ್ಣವಾದರೋ ಬಂಡೆಯ ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡಿದೆ. ಮರಳುಗಲ್ಲಿನ ಪದರ ಕಳಚಿದರೆ ಚಿತ್ರವೂ ಉದುರುತ್ತದೆ. ಸ್ಪಷ್ಟವಾಗಿ ಕಾಣಲೆಂದು ನೀರು ಎರಚುವುದು, ಕೈಯಿಂದ ಉಜ್ಜುವುದು, ಪಕ್ಕದಲ್ಲಿ ಹೆಸರು ಗೀಚುವುದು, ಬಂಡೆಯ ಬುಡದಲ್ಲಿ ಒಲೆ ಹೂಡುವುದು ಇವೆಲ್ಲ ಚಿತ್ರಗಳ ಆಯುಷ್ಯವನ್ನು ಕುಗ್ಗಿಸುತ್ತವೆ. ಮುರಿದ ದೇಗುಲವನ್ನು ಕಲ್ಲು ಜೋಡಿಸಿ ಮತ್ತೆ ನಿಲ್ಲಿಸಬಹುದು. ಅಳಿಸಿಹೋದ ಈ ಕಾವಿಗೆರೆಯನ್ನು ಮತ್ತೆ ಬರೆಯುವವರಿಲ್ಲ.