ಗಾಳಿಯ ಮೇಲೆ ತೇಲಿದ ಹಡಗು

ನೀರಿನ ಮೇಲೂ ನೆಲದ ಮೇಲೂ ಓಡುವ ವಾಹನ ಇದೆಯೇ ಎಂದು ಮಕ್ಕಳು ಕೇಳುವುದುಂಟು. ಇದೆ, ಅದೇ ಹೋವರ್‌ಕ್ರಾಫ್ಟ್.

ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕರೆಲ್ 1955ರಲ್ಲಿ ಒಂದು ಡಬ್ಬಿಯೊಳಗೆ ಇನ್ನೊಂದನ್ನಿಟ್ಟು, ನಡುವಿನ ಸಂದಿಯಲ್ಲಿ ಗಾಳಿ ಊದಿ, ಅದರ ಒತ್ತಡವನ್ನು ಅಡುಗೆಮನೆಯ ತಕ್ಕಡಿಯಲ್ಲಿ ಅಳೆದು ನೋಡಿದರು. ನಾಲ್ಕೇ ವರ್ಷದಲ್ಲಿ, 1959ರ ಜುಲೈ 25ರಂದು, ಮೊದಲ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. ಬ್ಲೆರಿಯೊ ವಿಮಾನದಲ್ಲಿ ಅದನ್ನು ದಾಟಿ ಅಂದಿಗೆ ಸರಿಯಾಗಿ 50 ವರ್ಷ!

1968ರ ಆಗಸ್ಟಿನಲ್ಲಿ ಡೋವರ್‌ನಿಂದ ಫ್ರಾನ್ಸಿನ ಬೂಲೋನಿಗೆ ದೈತ್ಯ ಎಸ್‌ಆರ್‌ಎನ್-4 ಸಂಚಾರ ಆರಂಭವಾಯಿತು. 254 ಜನ, 30 ಕಾರು. ಮುಂದೆ ಉದ್ದ ಹೆಚ್ಚಿಸಿದಾಗ 418 ಜನ, 60 ಕಾರು. ಸಾಮಾನ್ಯ ಹಡಗಿಗೆ ಒಂದೂವರೆ ಗಂಟೆ ಹಿಡಿಯುವಲ್ಲಿ ಇದಕ್ಕೆ ಸುಮಾರು ಅರ್ಧ ಗಂಟೆ ಸಾಕು. ಕಡಲಿನಿಂದ ನೇರವಾಗಿ ದಡಕ್ಕೇ ಏರಿ ನಿಲ್ಲುತ್ತಿತ್ತು.

ಆದರೆ ನಾಲ್ಕು ಗ್ಯಾಸ್ ಟರ್ಬೈನ್‌ಗಳ ಹಸಿವು ದೊಡ್ಡದು. 1973ರಲ್ಲಿ ತೈಲದ ಬೆಲೆ ಏರಿತು. ಸದ್ದು ವಿಪರೀತ, ಅಲೆ ಎದ್ದರೆ ಓಡಾಟ ರದ್ದು. 1985ರಲ್ಲಿ ಡೋವರ್‌ನ ಅಲೆತಡೆ ಗೋಡೆಗೆ ಬಡಿದು ನಾಲ್ವರು ಸತ್ತರು. 1994ರಲ್ಲಿ ಕಡಲಡಿಯ ಸುರಂಗ ತೆರೆಯಿತು. 1999ರಲ್ಲಿ ಸುಂಕವಿಲ್ಲದ ಮಾರಾಟದ ಆದಾಯವೂ ನಿಂತಿತು. 2000ದ ಅಕ್ಟೋಬರ್ 1ರಂದು ಕೊನೆಯ ಪಯಣ.

ವಿಚಿತ್ರವೆಂದರೆ, 1995ರಲ್ಲೇ 'ಪ್ರಿನ್ಸೆಸ್ ಆನ್' 22 ನಿಮಿಷದಲ್ಲಿ ದಾಟಿ ದಾಖಲೆ ಬರೆದಿತ್ತು. ಯಂತ್ರದ ವೇಗ ತಗ್ಗಿರಲಿಲ್ಲ. ಖರ್ಚಿನ ಲೆಕ್ಕ ಕೂಡಿಬರಲಿಲ್ಲ. ಅದರ ಜೊತೆಗಾತಿಯನ್ನು 2018ರಲ್ಲಿ ಒಡೆದುಹಾಕಿದರು. 'ಆನ್' ಮಾತ್ರ ವಸ್ತುಸಂಗ್ರಹಾಲಯದಲ್ಲಿ ಉಳಿಯಿತು. ವಿಜ್ಞಾನದ ಪಾಠದಲ್ಲಿ ಗೆದ್ದವರ ಕತೆಯ ಜೊತೆಗೆ ಇದನ್ನೂ ಹೇಳಬೇಕು, ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ.