ಮುಕ್ತ ತಂತ್ರಾಂಶ ಪರವಾನಗಿಗಳ ಹೊಂದಾಣಿಕೆ

ಬೇರೆ ಬೇರೆ ಪರವಾನಗಿಗಳಡಿ ಬಿಡುಗಡೆಯಾದ ಓಪನ್ ಸೋರ್ಸ್ ಲೈಬ್ರರಿಗಳನ್ನು ಒಂದೇ ತಂತ್ರಾಂಶದೊಳಗೆ ಸೇರಿಸಿ ಹಂಚುವಾಗ, ಅವೆಲ್ಲವುಗಳ ಷರತ್ತುಗಳನ್ನು ಒಟ್ಟಿಗೆ ಪಾಲಿಸಲು ಬರುವಂತಿರುವುದೇ ಪರವಾನಗಿ ಹೊಂದಾಣಿಕೆ. ಒಂದರ ಷರತ್ತನ್ನು ಪಾಲಿಸಿದರೆ ಇನ್ನೊಂದರ ಷರತ್ತು ಮುರಿಯುವಂತಿದ್ದರೆ, ಜೋಡಿಸಿದವರಿಗೆ ಆ ತಂತ್ರಾಂಶವನ್ನು ಹಂಚುವ ಹಕ್ಕು ಇರುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಈಗ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲೇ ಇಡುತ್ತದೆ. ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಕ್ಕಿತು ಎಂದ ಮಾತ್ರಕ್ಕೆ ಯಾವ ಕೋಡೂ ಒಡೆಯರಿಲ್ಲದ ಸೊತ್ತಾಗದು.

ಈ ಸಮಸ್ಯೆಯ ಬೇರು ಇರುವುದು ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಜಿಎನ್‌ಯು ಜನರಲ್ ಪಬ್ಲಿಕ್ ಲೈಸೆನ್ಸ್‌ನಲ್ಲಿ, ಅಂದರೆ ಜಿಪಿಎಲ್‌ನಲ್ಲಿ. ಇದರಡಿಯ ಕೋಡ್ ಬಳಸಿ ಕಟ್ಟಿದ ಕೃತಿಯನ್ನು ಹಂಚುವುದಾದರೆ ಇಡೀ ಕೃತಿ ಜಿಪಿಎಲ್ ಅಡಿಯೇ ಇರಬೇಕು. ಅದರ ಮೇಲೆ ಹೆಚ್ಚುವರಿ ನಿರ್ಬಂಧ ಹೇರಕೂಡದು. ಬಳಕೆದಾರನ ಸ್ವಾತಂತ್ರ್ಯ ಕಾಯಲು ಹುಟ್ಟಿದ ಈ ಎರಡನೆಯ ಮಾತೇ ಹೆಚ್ಚಿನ ಘರ್ಷಣೆಗಳಿಗೆ ಕಾರಣವಾಯಿತು. ಬರ್ಕ್ಲಿ ವಿಶ್ವವಿದ್ಯಾಲಯದ ಹಳೆಯ ಬಿಎಸ್‌ಡಿ ಪರವಾನಗಿ, ಜಾಹೀರಾತುಗಳಲ್ಲಿ ವಿಶ್ವವಿದ್ಯಾಲಯದ ಹೆಸರು ಹೇಳಲೇಬೇಕು ಎನ್ನುತ್ತಿತ್ತು. ಆ ಒಂದು ಷರತ್ತಿನಿಂದ ಅದು ಜಿಪಿಎಲ್ ಜೊತೆ ಕೂಡಲಿಲ್ಲ. 1999ರಲ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ಕೈಬಿಟ್ಟಿತು. ಕೆಡಿಇ ಡೆಸ್ಕ್‌ಟಾಪಿನ ಆಧಾರವಾಗಿದ್ದ ಕ್ಯೂಟಿ ಲೈಬ್ರರಿಯ ಪರವಾನಗಿ ಜಿಪಿಎಲ್‌ಗೆ ಹೊಂದದೆ ಎದ್ದಿದ್ದ ವಿವಾದ, 2000ರಲ್ಲಿ ಕ್ಯೂಟಿಯನ್ನು ಜಿಪಿಎಲ್ ಅಡಿಯೂ ಕೊಟ್ಟ ಮೇಲೆಯೇ ತಣ್ಣಗಾದದ್ದು.

ಹೊಂದಾಣಿಕೆ ಹಲವು ಬಾರಿ ಒಮ್ಮುಖ. 2004ರ ಅಪಾಚೆ 2.0 ಪರವಾನಗಿಯ ಪೇಟೆಂಟ್ ಷರತ್ತುಗಳು ಜಿಪಿಎಲ್ 2ನೇ ಆವೃತ್ತಿಗೆ ಒಗ್ಗುವುದಿಲ್ಲವೆಂದು ಸ್ಟಾಲ್‌ಮನ್ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹೇಳಿತು. 2007ರ ಜೂನ್‌ನಲ್ಲಿ ಬಂದ 3ನೇ ಆವೃತ್ತಿ ಈ ತೊಡಕನ್ನು ಬಿಡಿಸಿತಾದರೂ, ಅಪಾಚೆ ಕೋಡ್ ಜಿಪಿಎಲ್ 3ರೊಳಕ್ಕೆ ಹೋಗಬಹುದೇ ಹೊರತು ಜಿಪಿಎಲ್ ಕೋಡ್ ಅಪಾಚೆ ಯೋಜನೆಯೊಳಕ್ಕೆ ಬರುವಂತಿಲ್ಲ.

ಕರ್ನಾಟಕದಲ್ಲಿ ಪರವಾನಗಿಯ ಬಗ್ಗೆ ಮೊದಲೇ ಗಂಭೀರವಾಗಿ ಯೋಚಿಸಿದ ಯೋಜನೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ ರೂಪಿಸಿ, 2001ರಲ್ಲಿ ಜನರೆದುರು ಇಟ್ಟ ಈ ಕೈಗಣಕ ಲಿನಕ್ಸ್ ಮೇಲೆ ಓಡುತ್ತಿತ್ತು. ಯಂತ್ರದ ವಿನ್ಯಾಸಕ್ಕೆ ಸಿಂಪ್ಯೂಟರ್ ಟ್ರಸ್ಟ್ ಜಿಪಿಎಲ್ ಮಾದರಿಯಲ್ಲೇ ತನ್ನದೊಂದು ಪರವಾನಗಿ ಬರೆದುಕೊಂಡಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೆ ತಂತ್ರಾಂಶಕ್ಕೊಂದು, ಯಂತ್ರಾಂಶಕ್ಕೊಂದು ಷರತ್ತು ಬೇಕೆಂದು ಆರಂಭದಲ್ಲೇ ಕಂಡುಕೊಂಡ ವಿವೇಕಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಕನ್ನಡಕ್ಕೆ ಈ ವಿಷಯ ಅತಿ ಹತ್ತಿರವಾಗುವುದು ಅಕ್ಷರ ಮೂಡಿಸುವಲ್ಲಿ. ‘ಸ್ತ್ರೀ’ ಎಂಬ ಒಂದು ಅಕ್ಷರ ಪರದೆಯ ಮೇಲೆ ಸರಿಯಾಗಿ ಮೂಡಲು ಸಾಮಾನ್ಯವಾಗಿ ಮೂರು ವಸ್ತುಗಳು ಕೂಡಬೇಕು: ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್‌ನಂಥ ಲೈಬ್ರರಿ, ಗೆರೆಗಳನ್ನು ಚುಕ್ಕಿಗಳಾಗಿಸುವ ಫ್ರೀಟೈಪ್‌ನಂಥ ಲೈಬ್ರರಿ, ಜೊತೆಗೊಂದು ಫಾಂಟ್. ಹಾರ್ಫ್‌ಬಜ್‌ನದು ಸಡಿಲವಾದ ಎಂಐಟಿ ಬಗೆಯ ಪರವಾನಗಿ, ಎಲ್ಲರೊಡನೆ ಹೊಂದುತ್ತದೆ. ಫ್ರೀಟೈಪ್‌ನ ಸ್ವಂತ ಪರವಾನಗಿಯಲ್ಲಿ ಕೃತಜ್ಞತೆ ಸೂಚಿಸಬೇಕೆಂಬ ಷರತ್ತಿರುವುದರಿಂದ ಅದು ಜಿಪಿಎಲ್ 2ಕ್ಕೆ ಹೊಂದದು. ಅದಕ್ಕೆಂದೇ ಫ್ರೀಟೈಪನ್ನು ಜಿಪಿಎಲ್ 2ರಡಿಯೂ ಕೊಡಲಾಗಿದೆ. ಬಳಸುವವರು ಎರಡರಲ್ಲಿ ತಮಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು.

ಫಾಂಟಿನ ಕತೆ ಇನ್ನೂ ಸೂಕ್ಷ್ಮ. ಪಿಡಿಎಫ್ ಮಾಡಿದಾಗ ಫಾಂಟಿನ ಒಂದು ಭಾಗ ಕಡತದೊಳಗೇ ಸೇರಿಕೊಳ್ಳುತ್ತದೆ. ಫಾಂಟ್ ಜಿಪಿಎಲ್ ಅಡಿ ಇದ್ದರೆ ಪುಸ್ತಕವೂ ಜಿಪಿಎಲ್ ಆಗುವುದೇ? ಈ ಸಂಶಯ ನಿವಾರಿಸಲು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ‘ಫಾಂಟ್ ವಿನಾಯಿತಿ’ಯ ಒಂದು ಕಲಮನ್ನು ಬರೆದುಕೊಟ್ಟಿತು. ಎಸ್‌ಐಎಲ್ ಇಂಟರ್‌ನ್ಯಾಷನಲ್ ಸಂಸ್ಥೆ ಫಾಂಟುಗಳಿಗೆಂದೇ ರೂಪಿಸಿದ ಓಪನ್ ಫಾಂಟ್ ಲೈಸೆನ್ಸಿನ 1.1 ಆವೃತ್ತಿ 2007ರಲ್ಲಿ ಬಂತು. ಇದರಡಿಯ ಫಾಂಟನ್ನು ಯಾವುದೇ ತಂತ್ರಾಂಶದ ಜೊತೆ ಹಂಚಬಹುದು, ಮಾರಾಟದ ತಂತ್ರಾಂಶವಾದರೂ ಸರಿ; ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಮೊದಲು ಜಿಪಿಎಲ್ ಅಡಿಯಿದ್ದ ರೆಡ್ ಹ್ಯಾಟ್‌ನ ಲೋಹಿತ್ ಫಾಂಟುಗಳು 2011ರಲ್ಲಿ ಈ ಪರವಾನಗಿಗೆ ಬದಲಾದವು. ಲೋಹಿತ್ ಕನ್ನಡ ಅವುಗಳಲ್ಲೊಂದು. ಅಪಾಚೆ ಅಡಿಯಿದ್ದ ಗೂಗಲ್‌ನ ನೋಟೊ ಫಾಂಟುಗಳು 2015ರಲ್ಲಿ ಅದೇ ದಾರಿ ಹಿಡಿದವು. ಮೈಕ್ರೋಸಾಫ್ಟ್‌ನ ‘ತುಂಗಾ’ ವಿಂಡೋಸ್ ಜೊತೆ ಬಂದರೂ ಮುಕ್ತ ಫಾಂಟಲ್ಲ. ಅದನ್ನು ನಮ್ಮ ಆ್ಯಪ್‌ನೊಳಗೆ ನಾವೇ ಇಟ್ಟು ಹಂಚುವ ಸ್ವಾತಂತ್ರ್ಯ ಇಲ್ಲ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಕನ್ನಡ ಫಾಂಟಿಗೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೇಕು. ಅವನ್ನು ಜಿಪಿಎಲ್ ಫಾಂಟಿನಿಂದ ತೆಗೆದು ಓಪನ್ ಫಾಂಟ್ ಲೈಸೆನ್ಸಿನ ಫಾಂಟಿಗೆ ಬೆರೆಸುವಂತಿಲ್ಲ. ಎರಡನ್ನೂ ಒಂದೇ ಆ್ಯಪ್‌ನಲ್ಲಿ ಪಕ್ಕಪಕ್ಕ ಇಡುವುದು ಬೇರೆ, ಎರಡನ್ನೂ ಕಲಸಿ ಒಂದು ಫಾಂಟ್ ಮಾಡುವುದು ಬೇರೆ.

ದೊಡ್ಡ ಸಾರ್ವಜನಿಕ ಯೋಜನೆಗಳೂ ಬೆಂಗಳೂರಿನಿಂದ ಹೊರಟಿವೆ. ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಆರಂಭವಾದ ಗುರುತಿನ ವೇದಿಕೆ ಮೋಸಿಪ್, ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0 ಅನ್ನು ಆರಿಸಿಕೊಂಡಿತು. ಈ ಪರವಾನಗಿಯ ಹಿಡಿತ ಕಡತದ ಮಟ್ಟದ್ದು: ಬದಲಿಸಿದ ಕಡತಗಳನ್ನು ಹಂಚುವಾಗ ಅವುಗಳ ಮೂಲ ಕೋಡ್ ಕೊಡಬೇಕು, ಪಕ್ಕದಲ್ಲಿ ಸೇರಿಸಿದ ಸ್ವಂತ ಕಡತಗಳನ್ನಲ್ಲ. ಅಪಾಚೆ ಅಡಿಯ ಸ್ಪ್ರಿಂಗ್ ಲೈಬ್ರರಿಗಳ ಮೇಲೆ ಕಟ್ಟಿದ, ಫಿಲಿಪ್ಪೀನ್ಸ್, ಮೊರಾಕೊಗಳಂಥ ದೇಶಗಳು ತಮಗೆ ಬೇಕಾದಂತೆ ಬೆಳೆಸಿಕೊಳ್ಳುವ ವ್ಯವಸ್ಥೆಗೆ ಇದು ಸರಿಯಾದ ಆಯ್ಕೆ.

ಕನ್ನಡದ ಲೈಬ್ರರಿಯನ್ನೋ ಫಾಂಟನ್ನೋ ನಿಘಂಟಿನ ದತ್ತಾಂಶವನ್ನೋ ಅಂತರ್ಜಾಲದಲ್ಲಿ ಇಡುವವರು ಪರವಾನಗಿಯ ಕಡತವೊಂದನ್ನು ತಪ್ಪದೆ ಜೊತೆಗಿಡಬೇಕು. ಅದಿಲ್ಲದ ಕೋಡನ್ನು ಬೇರೆಯವರು ಓದಬಹುದು, ಆದರೆ ತಮ್ಮ ತಂತ್ರಾಂಶಕ್ಕೆ ಸೇರಿಸಿ ಹಂಚಲು ಕಾನೂನು ಬಿಡುವುದಿಲ್ಲ.